ಎರಡೂ ಕಡೆಯಿಂದ ತೆರೆಯುವ ವಹಿ

ದಸರಾ ರಜೆ ಇನ್ನೂ ನಾಲ್ಕು ದಿನ ಉಳಿದಿತ್ತು. ನಿಪ್ಪಾಣಿ ಕಡೆಯ ನಮ್ಮ ಹಳ್ಳಿಯಿಂದ ಕಾಕಾ ಫೋನ್ ಮಾಡಿದರು. "ಯವ್ವಾ, ಒಂದು ವಹಿ ಬರದೀನಿ. ನೀ ಸಾಲ್ಯಾಗ ಅಕ್ಕೋರಾಗಿದ್ದಾಕಿ. ಬಂದು ಓದಿ, ತಪ್ಪಿದ್ದಲ್ಲಿ ತಿದ್ದಿ ಕೊಟ್ಟು ಹೋಗು" ಅಂದರು. ವಹಿ ಅಂದರೆ ನೋಟ್‌ಬುಕ್. ಮರಾಠಿಯಿಂದ ಬಂದು ನಮ್ಮ ಗಡಿ ಭಾಗದಲ್ಲೇ ಉಳಿದುಬಿಟ್ಟ ಮಾತು. 82 ವರ್ಷದ ರೈತ ಏನು ಬರೆದಿರಬಹುದು? ಆತ್ಮಕಥೆಯೇ ಇರಬೇಕು ಅಂದುಕೊಂಡೆ. ಏಳನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಬೆಳಗಾವಿಯಲ್ಲಿ ಬೆಳಗಿನ ಬಸ್ ಹತ್ತಿದೆ.

ದಾರಿ ಸುಮಾರು 75 ಕಿಲೋಮೀಟರ್, ಪುಣೆ–ಬೆಂಗಳೂರು ಹೆದ್ದಾರಿ. ಹತ್ತರಗಿ, ಸಂಕೇಶ್ವರ, ಕಣಗಲಾ ದಾಟಿದ ಮೇಲೆ ತವಂದಿ ಘಾಟಿನ ತಿರುವುಗಳು ಬರುತ್ತವೆ. ಅಲ್ಲೇ ಸ್ತವನಿಧಿ, ಜೈನರ ಹಳೆಯ ಕ್ಷೇತ್ರ. ಘಾಟು ಇಳಿದರೆ ನಿಪ್ಪಾಣಿ. ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೊರಟಾಗ ಮೊಮ್ಮಗಳು ಮೂಗು ಮುಚ್ಚಿಕೊಂಡು, "ಆಯಿ, ಇದೇನು ಘಾಟು?" ಅಂದಳು.

ಅದು ತಂಬಾಕಿನ ಘಾಟು. ನಿಪ್ಪಾಣಿ ಬೀಡಿ ತಂಬಾಕಿನ ದೊಡ್ಡ ಪೇಟೆ. ತಂಬಾಕು ತುಂಬಿಡುವ ಗೋದಾಮಿಗೆ ಇಲ್ಲಿ ವಖಾರ ಅನ್ನುತ್ತಾರೆ. ಹಳೆಯ ವಖಾರಗಳ ಓಣಿಯಲ್ಲಿ ನಡೆದರೆ ಗೋಡೆಗಳೇ ಸೀನು ತರಿಸುತ್ತವೆ. ಮನೆಗಳ ಕಟ್ಟೆಯ ಮೇಲೆ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ಕೂತಿರುತ್ತಾರೆ. ಇವರ ಕೂಲಿ ಗಂಟೆ ಲೆಕ್ಕದ್ದಲ್ಲ, ಸಾವಿರ ಬೀಡಿಗೆ ಇಷ್ಟು ಎಂದು. ಒಬ್ಬಾಕೆಯ ಬಾಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಕೊಲ್ಲಾಪುರ ಇಲ್ಲಿಂದ 40 ಕಿಲೋಮೀಟರ್ ಅಷ್ಟೆ. ಭಾಷೆಯ ಜಗಳ ಪೇಪರಿನಲ್ಲಿ ಓದಿ ಬಂದವರಿಗೆ ಈ ಕಟ್ಟೆಗಳ ಮೇಲಿನ ಮಾತು ಕೇಳಿದರೆ ಆಶ್ಚರ್ಯವಾದೀತು.

ಟಮ್‌ಟಮ್ ಹಿಡಿದು ಹಳ್ಳಿ ಮುಟ್ಟುವಾಗ ಹೊಲಗಳಲ್ಲಿ ಸೋಯಾಬೀನ್ ರಾಶಿ ನಡೆದಿತ್ತು. ಒಂದು ಕಾಲಕ್ಕೆ ಎಲ್ಲೆಲ್ಲೂ ತಂಬಾಕೇ ಇದ್ದ ನೆಲದಲ್ಲಿ ಈಗ ಕಬ್ಬು ಎದ್ದು ನಿಂತಿದೆ. ಊಟಕ್ಕೆ ಝುಣಕಾ, ಭಾಕರಿ, ಹಸಿ ಉಳ್ಳಾಗಡ್ಡಿ. ಕೈ ತೊಳೆದ ಮೇಲೆ ಕಾಕಾ ಟ್ರಂಕಿನಿಂದ ವಹಿ ತೆಗೆದರು.

ಇನ್ನೂರು ಪುಟದ್ದು, ಕಾಕಿ ಬಣ್ಣದ ರಟ್ಟು. ಒಂದು ಕಡೆಯಿಂದ ತೆರೆದರೆ ಮೊದಲ ಪುಟದಲ್ಲಿ "ಹೋದವರು" ಅಂತ ಇದೆ. ವಹಿಯನ್ನು ತಿರುವಿ ಹಾಕಿ ಇನ್ನೊಂದು ಕಡೆಯಿಂದ ತೆರೆದರೆ "ನಾ ಹೋದ ಮ್ಯಾಲೆ".

ನನ್ನ ಎದೆ ಧಸಕ್ಕೆಂದಿತು. ಒಳಗಿನಿಂದ ಸೊಸೆ, "ನೋಡ್ರಿ ಅಕ್ಕಾ, ನೀವರ ಹೇಳ್ರಿ. ಮಾವಾರು ದಸರಿ ಹಬ್ಬದಾಗ ಇಂಥಾದು ಬರ್ಕೊಂತ ಕೂತಾರ. ಹಂಗ ಮಾತಾಡಬಾರದು" ಅಂದಳು. ಕಾಕಾ ನಕ್ಕರು. "ಛತ್ರಿ ಕೊಂಡಾವನ ಮನಿ ಮ್ಯಾಲೆ ಮೊದಲ ಮಳಿ ಬೀಳ್ತದೇನವಾ? ಮಳಿ ತನ್ನ ಟೈಮಿಗೆ ಬರ್ತದ. ತೊಯ್ಯೋದು ಮಾತ್ರ ಕಡಿಮಿ ಆಗ್ತದ."

ಕಣ್ಣಿಗೆ ಪೊರೆ ಬಂದಿದ್ದರಿಂದ ಅವರೇ ಓದಲಾರರು. ಮೊಮ್ಮಗಳ ಕೈಗೆ ಕೊಟ್ಟರು. ಅವಳು ಶಾಲೆಯ ಪಾಠದಂತೆ ಜೋರಾಗಿ ಓದಿದಳು. ನೆನಪಿದ್ದಷ್ಟನ್ನು ಹೇಳುತ್ತೇನೆ. ಮೊದಲು ಸುದ್ದಿ ಹೇಳಬೇಕಾದದ್ದು ಬಾಜೂಮನೆಯ ಬೀಡಿ ಕಟ್ಟುವಾಕೆಗೆ, ಯಾಕೆಂದರೆ ದಿನಾ ಮುಂಜಾನೆ "ಚಹಾ ಆತೇನ್ರಿ ಅಜ್ಜಾ" ಅಂತ ಕೇಳುವವಳು ಅವಳೊಬ್ಬಳೇ. ಪುಣೆಯ ಮಗ ಬರುವ ತನಕ ಕಾಯಿರಿ, ಅದಕ್ಕಿಂತ ದೂರದವರಿಗೆ ಕಾಯಬೇಡಿ. ವಿಮಾನ ಕಟ್ಟಲು ಬಾಳೆಕಂಬ ನಮ್ಮ ಹೊಲದ್ದೇ ಕಡಿಯಿರಿ, ಪೇಟೆಯಿಂದ ತರಬೇಡಿ. ರಾತ್ರಿ ಭಜನೆ ಇರಲಿ, ಲೌಡ್‌ಸ್ಪೀಕರ್ ಬೇಡ, ಓಣಿಯ ಮಕ್ಕಳಿಗೆ ಪರೀಕ್ಷೆ ಇದ್ದೀತು. ಫ್ಲೆಕ್ಸ್ ಹಾಕಬೇಡಿ. ಹಾಕಲೇಬೇಕಾದರೆ ನನ್ನ ಫೋಟೋ ದೊಡ್ಡದಿರಲಿ, ಪುಢಾರಿಗಳದ್ದು ಸಣ್ಣದಿರಲಿ. ದಿನದ ಊಟಕ್ಕೆ ಸಾಲ ಮಾಡಬೇಡಿ, ಹುಗ್ಗಿ ಅನ್ನ ಸಾರು ಸಾಕು, ಅದರ ಹಣ ಸೊಸೈಟಿ ಪಾಸ್‌ಬುಕ್ಕಿನಲ್ಲಿದೆ. ಹೊಲದ ಉತಾರ ಟ್ರಂಕಿನ ತಳದಲ್ಲಿ. ಕಿರಾಣಿ ಅಂಗಡಿಯ ಬಾಕಿ ತೀರಿಸಿ. ಇಂಥವನು ನನಗೆ 3,000 ರೂಪಾಯಿ ಕೊಡಬೇಕು; ಕೇಳಬೇಡಿ, ಅವನಿಗೇ ನೆನಪಿರಲಿ. ಕಣ್ಣು ಕೊಡುತ್ತೇನೆಂದು ಬರೆದುಕೊಟ್ಟಿದ್ದೇನೆ, ತಡ ಮಾಡಬೇಡಿ.

ಮೊಮ್ಮಗಳು ಫೋಟೋದ ಮಾತಿಗೆ ಬಿದ್ದು ಬಿದ್ದು ನಕ್ಕಳು. ಕಣ್ಣಿನ ಮಾತು ಬಂದಾಗ ಮಾತ್ರ ಓದುವುದು ನಿಲ್ಲಿಸಿ ನನ್ನ ಮುಖ ನೋಡಿದಳು.

ಯಾಕೆಂದು ಹೇಳಬೇಕು. ಮೂರು ವರ್ಷದ ಹಿಂದೆ ನಮ್ಮ ಮನೆಯವರು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹೋದರು. ಮಣ್ಣು ಮಾಡುವುದು ಎಲ್ಲಿ? ಬೆಳಗಾವಿಯ ರುದ್ರಭೂಮಿಯಲ್ಲೋ, ಅವರ ಊರಿನ ಹೊಲದಲ್ಲೋ? ಮೈದುನಂದಿರು ಒಂದು ಹೇಳಿದರು, ಮಗ ಇನ್ನೊಂದು ಹೇಳಿದ. ಅಂಗಳದಲ್ಲಿ ಮಂದಿ ಕೂತಿದ್ದಾರೆ, ಒಳಗೆ ಜಗಳ. "ವೈನಿ, ಅಣ್ಣಾ ನಿಮಗೇನರ ಹೇಳಿದ್ನೇನು?" ಅಂತ ಕೇಳಿದರು. ನಲವತ್ತು ವರ್ಷ ಕೂಡಿ ಬಾಳಿದ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಿಷಯ ಬಂದಾಗಲೆಲ್ಲ "ಅಪಶಕುನ ಮಾತಾಡಬ್ಯಾಡ್ರಿ" ಅಂತ ಬಾಯಿ ಮುಚ್ಚಿಸಿದವಳು ನಾನೇ. ಮರುದಿನ ಅವರ ಪಾಕೀಟಿನಲ್ಲಿ ನೇತ್ರದಾನದ ಚೀಟಿ ಸಿಕ್ಕಿತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳಿದ ಈ ಹುಡುಗಿಗೆ ಆಗ ಒಂಬತ್ತು ವರ್ಷ. ಬಹಳ ದಿನ, "ಅಜ್ಜಗ ಎಲ್ಲಿ ಇರೂದು ಬೇಕಾಗಿತ್ತು ಆಯಿ?" ಅಂತ ಕೇಳುತ್ತಿದ್ದಳು.

ಮಕ್ಕಳೇ, ಕಣ್ಣಿನ ವಿಷಯ ನಿಮಗೂ ಗೊತ್ತಿರಲಿ, ನಿಮ್ಮ ಅಜ್ಜ ಅಜ್ಜಿಗೂ ಹೇಳಿ. ಸತ್ತ ಮೇಲೆ ಸುಮಾರು 6 ತಾಸಿನೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಬಂದ್ ಮಾಡಬೇಕು. ಡಾಕ್ಟರರು ಮನೆಗೇ ಬರುತ್ತಾರೆ, ಕೆಲಸ ಅರ್ಧ ತಾಸಿನೊಳಗೆ ಮುಗಿಯುತ್ತದೆ, ಮುಖ ಕೆಡುವುದಿಲ್ಲ. ಚಷ್ಮಾ ಇದ್ದವರು, ಪೊರೆ ಆಪರೇಷನ್ ಆದವರು ಕೂಡ ಕೊಡಬಹುದು. ಚೀಟಿ ಎಲ್ಲಿದೆ ಎಂದು ಮನೆಯವರಿಗೆ ಗೊತ್ತಿರಬೇಕು, ಅಷ್ಟೇ.

ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡದು ನಡೆದಿದೆ. ಬೈಲಹೊಂಗಲದ ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ಹಿರಿಯ ವೈದ್ಯರು ತಮ್ಮ ಇಡೀ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕೆಂದು ಬರೆದಿಟ್ಟಿದ್ದರು. ಅವರ ಮಗ ಡಾ. ಮಹಾಂತೇಶ ಶರೀರ ರಚನೆಯ ಪಾಠ ಹೇಳುವ ಅಧ್ಯಾಪಕರು. ತಂದೆಯ ಇಚ್ಛೆಯಂತೆ 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಆ ದೇಹವನ್ನೇ ಪಾಠಪುಸ್ತಕ ಮಾಡಿ ವಿದ್ಯಾರ್ಥಿಗಳಿಗೆ ಕಲಿಸಿದರು. ಮಗನ ಕೈ ಆ ದಿನ ನಡುಗಿತೋ ಇಲ್ಲವೋ, ನನಗೆ ಯೋಚಿಸಲೂ ಆಗುವುದಿಲ್ಲ. ಆದರೆ ತಂದೆ ಬರೆದಿಡದಿದ್ದರೆ ಆ ಮಗ ಹಾಗೆ ಮಾಡಲು ಯಾರು ಬಿಡುತ್ತಿದ್ದರು?

ಸಂಜೆ ತಂಪಿಗೆ ಹೊಲಕ್ಕೆ ಹೋದೆವು. ವೇದಗಂಗಾ ನದಿಗೆ ಹತ್ತಿರದ ಕರಿಮಣ್ಣಿನ ಹೊಲ. ಬದುವಿನ ಮೂಲೆಯಲ್ಲಿ ಒಂದು ಮಾವಿನ ಮರ. ಅದರ ಕೆಳಗೆ ನಮ್ಮ ಕಾಕು. ನಮ್ಮ ಲಿಂಗಾಯತರಲ್ಲಿ ಹೋದವರನ್ನು ಕೂರಿಸಿ, ಕೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಹೊಲ ಇದ್ದವರು ಹೊಲದಲ್ಲೇ. ಅದಕ್ಕೇ ನಮ್ಮ ಕಡೆ ಅಂತ್ಯಕ್ರಿಯೆಗೆ ಹೊರಟವರು "ಮಣ್ಣಿಗೆ ಹೋಗಿ ಬರ್ತೀವಿ" ಅನ್ನುವುದು. ಪಕ್ಕದ ಮರಾಠಾ ಮನೆಯವರು ದಹನ ಮಾಡಿ, ಆಮೇಲೆ ರಕ್ಷಾ ವಿಸರ್ಜನೆ ಮಾಡುತ್ತಾರೆ. ಈಚೆಗೆ ಕೆಲವರು ಆ ಬೂದಿಯನ್ನು ನದಿಗೆ ಬಿಡದೆ ಹೊಲದಲ್ಲೇ ಹಾಕಿ ಸಸಿ ನೆಡುತ್ತಾರಂತೆ. ಮುಸಲ್ಮಾನರ ದಫನ್‌ಗೆ ಹೋದರೆ ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕುತ್ತಾರೆ. ಕಾಕಾ ಮೂರೂ ಕಡೆ ಹೋಗಿ ಬಂದವರು. "ಮಣ್ಣಿಗೆ ಕರಿಯೋದಿಲ್ಲ, ತಾನ ಹೋಗಬೇಕು" ಅನ್ನುತ್ತಾರೆ.

ಕಾಕುಗೆ ಮೊದಲು ಒಂದು ಕಲ್ಲಿನ ಕಟ್ಟೆ ಇತ್ತು, ನನಗೆ ಚೆನ್ನಾಗಿ ನೆನಪಿದೆ. ಈಗ ಕಾಣಲಿಲ್ಲ. 2019ರ ಮಹಾಪೂರದಲ್ಲಿ ವೇದಗಂಗಾ ಹೊಲದ ಮೇಲೆ ಹರಿದು ಕಟ್ಟೆಯನ್ನು ಕಿತ್ತುಕೊಂಡು ಹೋಯಿತು. ನೀರಿಳಿದ ಮೇಲೆ ನೋಡಿದರೆ ಮರ ಮಾತ್ರ ಕೆಸರಿನಲ್ಲಿ ನಿಂತಿತ್ತು. ಮತ್ತೆ ಕಟ್ಟೆ ಕಟ್ಟಿಸೋಣವೆಂದು ಮಗ ಹೇಳಿದರೂ ಕಾಕಾ ಬೇಡವೆಂದರು. "ನನಗೂ ಕಲ್ಲು ಬ್ಯಾಡ. ಆಕಿ ಬಾಜೂಕ ಜಾಗಾ ಅದ. ಒಂದು ಬೇವಿನ ಗಿಡ ಹಚ್ಚರಿ" ಅಂತ ತಮ್ಮ ಜಾಗವನ್ನು ಕೋಲಿನಿಂದ ತೋರಿಸಿದರು. ಮೊಮ್ಮಗಳು ಅಲ್ಲಿ ನಿಂತು ನೋಡಿ, "ಮುತ್ಯಾ, ಇಲ್ಲಿಂದ ನದಿ ಕಾಣಸ್ತದ" ಅಂದಳು. "ಅದಕ್ಕ ಆರಿಸೀನಿ" ಅಂದರು, ಮನೆಗೆ ಕಿಟಕಿ ಇಟ್ಟ ಜಾಗ ತೋರಿಸುವ ಹಾಗೆ.

ಕಲ್ಲು ಬೇಡವೆಂಬ ಮಾತಿಗೆ ಕಾಕಾ ಇನ್ನೊಬ್ಬರನ್ನು ನೆನೆದರು. ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅವರ ಪ್ರವಚನಕ್ಕೆ ನಮ್ಮ ಭಾಗದ ಹಳ್ಳಿಗಳು ಬೆಳಗಿನ ಜಾವವೇ ಎದ್ದು ಹೋಗುತ್ತಿದ್ದವು. ಕಿಸೆ ಇಲ್ಲದ ಅಂಗಿ ತೊಟ್ಟವರು, ಪದ್ಮಶ್ರೀ ಬೇಡವೆಂದವರು. ಮಠದ ಸ್ವಾಮಿಗಳಿಗೆ ಗದ್ದುಗೆ ಕಟ್ಟುವುದು ನಮ್ಮಲ್ಲಿ ರೂಢಿ. ನಿಪ್ಪಾಣಿಯಲ್ಲೂ ವಿರೂಪಾಕ್ಷಲಿಂಗ ಸಮಾಧಿ ಮಠ ಇದೆ, ಹೆಸರಿನಲ್ಲೇ ಸಮಾಧಿ. ಸಿದ್ಧೇಶ್ವರರು ಮಾತ್ರ 2014ರ ಗುರುಪೂರ್ಣಿಮೆಯಂದೇ ಪತ್ರ ಬರೆದಿಟ್ಟರು. ದೇಹವನ್ನು ಅಗ್ನಿಗೆ ಕೊಡಿ, ಶ್ರಾದ್ಧದ ವಿಧಿ ಬೇಡ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ, ಸ್ಮಾರಕ ಕಟ್ಟಬೇಡಿ ಎಂಬುದು ಅದರ ತಾತ್ಪರ್ಯ. 2023ರ ಜನವರಿ 2ರಂದು ಅವರು ಹೋದಾಗ ಲಕ್ಷಗಟ್ಟಲೆ ಜನ ಸೇರಿದರು. ಅಷ್ಟು ಜನರಲ್ಲಿ ಗದ್ದುಗೆ ಬೇಕೆನ್ನುವವರು ಇರಲಿಲ್ಲವೇ? ಇದ್ದಿರಬೇಕು. ಆದರೆ ಪತ್ರ ಇತ್ತು. ಮರುದಿನ ಆಶ್ರಮದಲ್ಲೇ ದಹನ ನಡೆಯಿತು. ಬೂದಿ ಕೂಡಲಸಂಗಮದ ನೀರಿಗೂ ಗೋಕರ್ಣದ ಕಡಲಿಗೂ ಹೋಯಿತು.

ಮರುದಿನ ಆ ನೀರಿನ ದಾರಿ ತೋರಿಸಲೆಂದೇ ಮೊಮ್ಮಗಳನ್ನು ಭೋಜ ಗ್ರಾಮಕ್ಕೆ ಕರೆದೊಯ್ದೆ. ವೇದಗಂಗಾ ಬಂದು ದೂಧಗಂಗಾವನ್ನು ಸೇರುವುದು ಇಲ್ಲೇ. ದೂಧಗಂಗಾ ಮುಂದೆ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಹರಿದು ಹರಿದು ಕೂಡಲಸಂಗಮಕ್ಕೆ ಹೋಗುತ್ತಾಳೆ, ಅಲ್ಲಿ ಮಲಪ್ರಭೆ ಕೂಡುತ್ತಾಳೆ. "ಅಂದ್ರ ಕಾಕು ಕಟ್ಟಿ ಕಲ್ಲು ಕೂಡಲಸಂಗಮಕ್ಕ ಹೋಗಿರಬಹುದಾ?" ಅಂದಳು. ಕಲ್ಲು ಅಷ್ಟು ದೂರ ಹೋಗಲಾರದು, ಮಣ್ಣು ಹೋಗಿದ್ದೀತು ಅಂದೆ.

ಭೋಜ ಆಚಾರ್ಯ ಶಾಂತಿಸಾಗರ ಮಹಾರಾಜರ ಊರು. 1872ರಲ್ಲಿ ಹುಟ್ಟಿದ ರೈತನ ಮಗ. ನಿಂತುಹೋದಂತಿದ್ದ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ಕೊಟ್ಟವರು. ಅವರು ದೇಹ ಬಿಟ್ಟದ್ದು 1955ರಲ್ಲಿ, ದೂರದ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ. ಆದರೂ ಇಲ್ಲಿಯವರ ಬಾಯಲ್ಲಿ ಅವರು ಇನ್ನೂ "ನಮ್ಮೂರ ಮಹಾರಾಜರು". ಜೈನರು ಹೀಗೆ ಹೋದವರಿಗೆ ನಿಷಿಧಿ ಕಲ್ಲು ನಿಲ್ಲಿಸುತ್ತಿದ್ದರು, ಪಾದದ ಗುರುತು ಕೆತ್ತುತ್ತಿದ್ದರು. ಊರಿಗಾಗಿ ಕಾದಾಡಿ ಸತ್ತವರಿಗೆ ವೀರಗಲ್ಲು. ನಾಯಿಗೂ ಕಲ್ಲು ನಿಲ್ಲಿಸಿದ ನಾಡು ನಮ್ಮದು: ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ 10ನೇ ಶತಮಾನದ ಕಲ್ಲು, ಹಂದಿಯ ಜತೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿವೆ. ಅದು ಹೇಗೆ ಸತ್ತಿತೆಂದು ಓದುವಾಗ ಅದು ಎಂಥ ನಾಯಿಯಾಗಿತ್ತೆಂದೂ ತಿಳಿಯುತ್ತದೆ.

ಕಾಕಾನ ವಹಿಯ ಇನ್ನೊಂದು ಬದಿ, "ಹೋದವರು", ನನಗೆ ಹಾಗೇ ಕಂಡಿತು. ಅದರಲ್ಲಿ ತಾರೀಖುಗಳು ಕಡಿಮೆ. ಪ್ರತಿಯೊಬ್ಬರಿಗೂ ಒಂದು ಪುಟ. ಕಾಕುವಿನ ಪುಟದಲ್ಲಿ ಹೀಗಿದೆ: ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದಳು. ಎಲೆ ಕತ್ತರಿಸುವಾಗ ಹಾಡು, ಕಟ್ಟುವಾಗ ಮೌನ. ಮೂರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದ್ದು ಬೀಡಿಯ ದುಡ್ಡಿನಿಂದ, ನನ್ನ ಹೊಲದಿಂದಲ್ಲ. ಚಹಾಕ್ಕೆ ಎರಡು ಚಮಚ ಸಕ್ಕರೆ, ಯಾರೂ ನೋಡದಿದ್ದರೆ ಮೂರು. ಅಳುವ ಕೂಸು ಯಾರದೇ ಇರಲಿ, ಅವಳ ಹೆಗಲಿಗೆ ಬಂದರೆ ಸುಮ್ಮನಾಗುತ್ತಿತ್ತು. ನನ್ನಿಂದ ಅವಳಿಗೆ ಆದ ತ್ರಾಸು: ಒಮ್ಮೆಯೂ ಪಂಢರಪುರಕ್ಕೆ ಕರೆದುಕೊಂಡು ಹೋಗಲಿಲ್ಲ.

ತಿದ್ದಲು ಕೆಂಪು ಪೆನ್ನು ತಂದಿದ್ದೆ. ಚೀಲದಿಂದ ತೆಗೆಯಲೇ ಇಲ್ಲ.

ಜಪಾನಿನಲ್ಲಿ ವಯಸ್ಸಾದವರು ಹೀಗೆ ಬರೆದಿಡುವುದಕ್ಕೆಂದೇ ಪುಸ್ತಕದ ಅಂಗಡಿಗಳಲ್ಲಿ ಅಚ್ಚು ಹಾಕಿದ ವಹಿಗಳು ಸಿಗುತ್ತವೆ. "ಎಂಡಿಂಗ್ ನೋಟ್" ಅಂತ ಅದಕ್ಕೆ ಹೆಸರು. ಪಾಸ್‌ಬುಕ್ ಎಲ್ಲಿದೆ, ಯಾರನ್ನು ಕರೆಯಬೇಕು, ಯಾವ ಫೋಟೋ ಇಡಬೇಕು ಎಂದು ಖಾಲಿ ಜಾಗ ತುಂಬುತ್ತ ಹೋಗುವುದು. ಕಾಕಾಗೆ ಹೇಳಿದೆ. "ಆ ವಹ್ಯಾಗ ಪಂಢರಪುರ ಬರಿಯಾಕ ಜಾಗಾ ಇರ್ತದೇನು?" ಅಂದರು.

ಕೊನೆಯ ದಿನ ಕಾಕಾ ಬೇಡವೆಂದರೂ ಕೇಳದೆ ನಿಪ್ಪಾಣಿಯ ತನಕ ಬಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಮ್ಮನ್ನು ಹೆದ್ದಾರಿಯ ಕಡೆಗೆ ಕರೆದೊಯ್ದು ನಿಲ್ಲಿಸಿದರು. ಲಾರಿಗಳು ಬುರ್ರೆಂದು ಹೋಗುತ್ತಿದ್ದವು. "ಇಲ್ಲೇ ಕೂತಿದ್ವಿ ನಾವು" ಅಂದರು.

ಅದು 1981. ತಂಬಾಕಿಗೆ ಸರಿಯಾದ ಬೆಲೆ ಸಿಗದೆ ರೈತರು ಸೋತಿದ್ದರು. ಶರದ್ ಜೋಶಿಯವರ ಶೇತಕರಿ ಸಂಘಟನೆಯ ಕರೆಯಂತೆ ಮಾರ್ಚ್ ತಿಂಗಳಲ್ಲಿ ಸಾವಿರಾರು ರೈತರು ಎತ್ತಿನ ಬಂಡಿ ಸಮೇತ ಬಂದು ಹೆದ್ದಾರಿಯ ಮೇಲೆ ಕೂತರು. ಗಂಡಸರು, ಹೆಂಗಸರು, ಕನ್ನಡದವರು, ಮರಾಠಿಯವರು. ದಿನ ಕಳೆದು ವಾರಗಳಾದವು. ಅಲ್ಲೇ ಅಡುಗೆ, ಅಲ್ಲೇ ಭಜನೆ, ಅಲ್ಲೇ ನಿದ್ದೆ. ರಸ್ತೆ ಒಂದು ಊರೇ ಆಗಿ ಅದಕ್ಕೆ ಆಂದೋಲನ ನಗರ ಅಂತ ಹೆಸರೂ ಬಿತ್ತು. ಏಪ್ರಿಲ್ 6ರಂದು ಅವರನ್ನು ಎಬ್ಬಿಸಲು ಪೊಲೀಸರು ಬಂದರು. ಗೋಲಿಬಾರಿನಲ್ಲಿ 12 ಜನ ರೈತರು ಸತ್ತರು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಾಕಾನ ಬಾಯಿಂದ ಕೇಳಿದ್ದು ಅದೇ ಮೊದಲು. 44 ವರ್ಷ ಅವರು ಈ ಮಾತು ಎತ್ತಿರಲಿಲ್ಲ.

"ಅವತ್ತು ಮುಂಜಾನೆ ಬಾಜೂಕ ಕೂತಿದ್ದಾವ ನನಗ ಅರ್ಧ ಭಾಕರಿ ಕೊಟ್ಟಾನ. ಸಂಜೀಕ ಅವ ಇಲ್ಲ. ಮನಿಯವರಿಗೆ ಏನೂ ಹೇಳಿರಲಿಲ್ಲ ಅವ. ಏನಂತ ಹೇಳಬೇಕು? ತಂಬಾಕಿನ ರೇಟ್ ಕೇಳಾಕ ಹೋದಾವ. ನನಗ ಎಂಬತ್ತೆರಡು ವರ್ಷ ಟೈಮ್ ಸಿಕ್ಕೈತಿ. ನಾ ಬರೀದ ಹೋದ್ರ ಹೆಂಗ?"

ಮೊಮ್ಮಗಳು ಅವರ ಕೈ ಹಿಡಿದುಕೊಂಡಳು. "ಅವರ ಪುಟಾನೂ ಅದಾವೇನು ಮುತ್ಯಾ, ವಹ್ಯಾಗ?" ಅಂತ ಕೇಳಿದಳು.

"ಒಂದು ಪುಟಾ ಐತಿ. ಹೆಸರು ಬರದೀನಿ, ಅರ್ಧ ಭಾಕರಿ ಬರದೀನಿ. ಮುಂದ ಬರಿಯಾಕ ಆಗಿಲ್ಲ. ನೀ ಬ್ಯಾಸಗಿ ಸೂಟಿಗೆ ಬಾ. ನಾ ಹೇಳ್ತೀನಿ, ನೀ ಬರಿ."

ಬಸ್ ಬಂತು. ಆಧಾರ್ ಕಾರ್ಡ್ ತೋರಿಸಿ ಇಬ್ಬರೂ ಬಿಟ್ಟಿ ಟಿಕೆಟ್ ತೆಗೆದುಕೊಂಡೆವು. ಕಿಟಕಿಯಿಂದ ನೋಡಿದರೆ ಕಾಕಾ ಕೋಲೂರಿ ನಿಂತೇ ಇದ್ದರು, ಕಾಣದಿರುವ ತನಕ.

ಘಾಟು ಹತ್ತುವಾಗ ಮೊಮ್ಮಗಳು ಬ್ಯಾಗಿನಿಂದ ಒಂದು ಹೊಸ ವಹಿ ತೆಗೆದಳು. ಪೇಟೆಯಲ್ಲಿ ಕಾಕಾ ಕೊಡಿಸಿದ್ದಂತೆ, ನನಗೆ ಗೊತ್ತೇ ಇರಲಿಲ್ಲ. ಮೊದಲ ಪುಟದಲ್ಲಿ "ಅಜ್ಜ" ಅಂತ ಬರೆದು ಅಡಿಗೆರೆ ಎಳೆದಳು. ಪೆನ್ನು ಕಚ್ಚುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ವಹಿಯನ್ನು ತಿರುವಿ ಹಾಕಿ, ಹಿಂದಿನ ಪುಟ ತೆರೆದು, ನನ್ನ ಕಡೆ ತಿರುಗಿದಳು.

"ಆಯಿ, ನಿನ್ನ ಚೀಟಿ ಎಲ್ಲಿ ಇಟ್ಟೀ? ಅದನ್ನ ಮೊದಲ ಹೇಳು. ಆಮ್ಯಾಲೆ ಸಕ್ರಿ ಎಷ್ಟು ಚಮಚ, ಖರೇ ಹೇಳಬೇಕು."

ಚೀಟಿ ಬೀರುವಿನ ಎಡಗಡೆ ಖಾನೆಯಲ್ಲಿ, ಹಳದಿ ಪಾಕೀಟಿನಲ್ಲಿ ಅಂದೆ. ಅವಳು ಬರೆದುಕೊಂಡಳು. ಸಕ್ಕರೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಸಂಕೇಶ್ವರ ಬಂತು.